ಬರ್ಮಿಂಗ್‌ಹ್ಯಾಮಿನ ಶಾಲೆಯಲ್ಲೊಂದು ಮುಖಗಳ ಗೋಡೆ

ಕಿಬ್ಬನಹಳ್ಳಿ ಕ್ರಾಸ್

ವಿದೇಶಕ್ಕೆ ಹೋಗಿಬಂದವರೆಲ್ಲ ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳಿಂದ ಕಥೆ ಶುರುಮಾಡುತ್ತಾರೆ. ನನಗೆ ಸಿಕ್ಕಿದ್ದು ನಡುವಿನ ಸೀಟು. ಒಂದು ಕಡೆ ಹೊದ್ದು ಮಲಗಿದ ಅಪರಿಚಿತರೊಬ್ಬರು, ಇನ್ನೊಂದು ಕಡೆ ನಮ್ಮ ಪುಟ್ಟಸ್ವಾಮಿ ಮೇಷ್ಟ್ರು. ಮೋಡ ಕಾಣಲೇ ಇಲ್ಲ. ಹಾಗಾಗಿ ನಾನು ಕಿಬ್ಬನಹಳ್ಳಿ ಕ್ರಾಸಿನಿಂದಲೇ ಶುರುಮಾಡುತ್ತೇನೆ.

ಕ್ರಾಸಿನಿಂದ ತುರುವೇಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟಗಳ ನಡುವೆ ಇರುವ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್. ಹಾಲ್ಕುರಿಕೆಯ ಪುಟ್ಟಸ್ವಾಮಿ ಮೇಷ್ಟ್ರು ಅಲ್ಲೇ ಗಣಿತ ಕಲಿಸುತ್ತಾರೆ. ಹಿಂದೆ ನನಗೂ ಕಲಿಸಿದವರು. ಈಗ ಸಹೋದ್ಯೋಗಿಯಾದರೂ ನನ್ನನ್ನು ಕರೆಯುವುದು "ಗಿರಿಜಾ, ಬಾಮ್ಮ ಇಲ್ಲಿ" ಎಂದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಒಂದು ಶಾಲೆಯ ಮಕ್ಕಳೂ ನಮ್ಮ ಮಕ್ಕಳೂ ಕಂಪ್ಯೂಟರ್ ಪರದೆಯ ಮೇಲೆ ಮಾತಾಡಿಕೊಳ್ಳುವ ಏರ್ಪಾಡು ಕೆಲವು ವರ್ಷಗಳಿಂದ ಇತ್ತು. ಅವರು ತಮ್ಮ ಬೀದಿಗಳನ್ನು ತೋರಿಸುತ್ತಿದ್ದರು, ನಮ್ಮವರು ತೆಂಗಿನ ಮರ ಹತ್ತಿ ತೋರಿಸುತ್ತಿದ್ದರು. ಆ ಸ್ನೇಹ ಬೆಳೆದು, ಇಬ್ಬರು ಶಿಕ್ಷಕರು ಅಕ್ಟೋಬರಿನಲ್ಲಿ ಬಂದು ಒಂದು ವಾರ ತಮ್ಮ ಶಾಲೆಯಲ್ಲಿ ಇರಬೇಕೆಂದು ಅಲ್ಲಿಂದ ಕರೆ ಬಂತು.

ಹೊರಡುವ ದಿನ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಅರ್ಧ ಊರೇ ನಿಂತಿತ್ತು. ತಿಪಟೂರಿನಲ್ಲಿ ಕೊಬ್ಬರಿ ಅಂಗಡಿ ಇಟ್ಟಿರುವ ನನ್ನ ಯಜಮಾನರು, ಚಿಪ್ಪು ತೆಗೆದ ಉಂಡೆ ಕೊಬ್ಬರಿಯ ಚೀಲವೊಂದನ್ನು ಮೇಷ್ಟ್ರ ಕೈಗೆ ಕೊಟ್ಟರು. "ಅಲ್ಲಿನೋರ್ಗೆ ನಮ್ಮ ತಾಲ್ಲೂಕು ಏನು ಅಂತ ಗೊತ್ತಾಗ್ಲಿ" ಎಂದರು.

ಪಕ್ಕದ ಮನೆ ಜಯಮ್ಮ ನನ್ನ ಗಲ್ಲ ಸವರಿ, "ಅಲ್ಲಿ ಬಿಸ್ಲೇ ಇರಲ್ವಂತೆ ಕಣೇ ಗಿರಿಜಾ. ಒಸಿ ಬೆಳ್ಳಗಾಗಿ ಬತ್ತೀಯ ಬುಡು" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಹುಟ್ಟಿದಾಗಿನಿಂದ ಇಂಥ ಹಾರೈಕೆ ಕೇಳುತ್ತಾ ಬಂದವಳು ನಾನು. ನಕ್ಕು ಬಸ್ಸು ಹತ್ತಿದೆ.

ವಿಮಾನ ನಿಲ್ದಾಣ, ಮತ್ತು ಒಂದು ಪ್ರಶ್ನೆ

ಬರ್ಮಿಂಗ್‌ಹ್ಯಾಮಿನಲ್ಲಿ ಇಳಿದಾಗ ಕೊಬ್ಬರಿ ಚೀಲ ನಮ್ಮನ್ನು ನಿಲ್ಲಿಸಿತು. ತಪಾಸಣೆಯ ಅಧಿಕಾರಿ ಉಂಡೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ, ಬೆರಳಿನಿಂದ ತಟ್ಟಿದ, ಮೂಸಿದ. ಕಂದು ಬಣ್ಣದ, ಗಟ್ಟಿಯಾದ, ಎಣ್ಣೆ ವಾಸನೆಯ ಈ ಚೆಂಡು ತಿನ್ನುವ ಪದಾರ್ಥ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ.

ಮೇಷ್ಟ್ರು ಸುಮ್ಮನೆ ಒಂದನ್ನು ಎತ್ತಿ ಮೇಜಿನ ಅಂಚಿಗೆ ಬಡಿದು ಹೋಳು ಮಾಡಿ, ಬಿಳಿಯ ಒಳಭಾಗ ತೋರಿಸಿ, ಒಂದು ಚೂರು ತಾವೇ ಬಾಯಿಗೆ ಹಾಕಿಕೊಂಡರು. "ಕೋಕೋನಟ್, ಸರ್. ಒನ್ ಇಯರ್ ಇನ್ ದ ಅಟ್ಟ" ಎಂದರು. ಅಟ್ಟ ಎಂದರೇನು ಎಂದು ವಿವರಿಸುವಷ್ಟರಲ್ಲಿ ಹಿಂದಿನ ಸಾಲಿನವರೆಲ್ಲ ನಗುತ್ತಿದ್ದರು. ಅಧಿಕಾರಿಯೂ ನಕ್ಕು ಬಿಟ್ಟುಕಳಿಸಿದ.

ಆ ಊರಿನ ಜನ ಎದುರು ಸಿಕ್ಕವರನ್ನೆಲ್ಲ "ಚೆನ್ನಾಗಿದೀರಾ?" ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಹೋಗುತ್ತಾರೆ. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮೊದಲ ದಿನ ಅಂಗಡಿಯಾಕೆ ಹಾಗೆ ಕೇಳಿದಾಗ ತಮ್ಮ ಬಲ ಮಂಡಿಯ ನೋವಿನಿಂದ ಹಿಡಿದು ಪ್ರಯಾಣದಲ್ಲಿ ಕೆಟ್ಟ ಹೊಟ್ಟೆಯವರೆಗೆ ಎಲ್ಲವನ್ನೂ ಹೇಳಿದರು. ಪಾಪ, ಆಕೆ ಕೊನೆಯವರೆಗೂ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ನಾನು ವಿಷಯ ತಿಳಿಸಿದೆ.

"ಉತ್ರ ಬ್ಯಾಡ ಅಂದ್ಮೇಲೆ ಯಾಕೆ ಕೇಳ್ಬೇಕು ಕಣಮ್ಮ?" ಎಂದರು ಮೇಷ್ಟ್ರು. ಅವರ ಲೆಕ್ಕದ ಪ್ರಕಾರ ಅದು ತಪ್ಪು ಪ್ರಶ್ನೆಯೇ.

ಸೋಮವಾರ: ಕಾರಿಡಾರ್

ನಮ್ಮನ್ನು ಶಾಲೆಯ ಬಾಗಿಲಲ್ಲಿ ಎದುರುಗೊಂಡವರು ಅಲ್ಲಿನ ಚಿತ್ರಕಲಾ ಶಿಕ್ಷಕಿ ಜಾಯ್. ಐವತ್ತು ದಾಟಿದ, ಎತ್ತರದ ನಿಲುವಿನ, ಚಿಕ್ಕದಾಗಿ ಕತ್ತರಿಸಿದ ಬೆಳ್ಳಿಗೂದಲಿನ ಹೆಂಗಸು. ತಂದೆ ತಾಯಿ ಜಮೈಕಾದಿಂದ ಬಂದವರು. ಜಾಯ್ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಓದಿದ್ದು ಎಂದರೆ ಇದೇ ಶಾಲೆಯಲ್ಲಿ.

ಒಳಗೆ ಕಾಲಿಟ್ಟರೆ ಉದ್ದಕ್ಕೂ ಒಂದು ಕಾರಿಡಾರ್, ಅದರ ಒಂದು ಬದಿಯ ಗೋಡೆ ತುಂಬ ಮುಖಗಳು. ದೊಡ್ಡ ದೊಡ್ಡ ಫೋಟೋಗಳು, ಎರಡೆರಡು ಜೋಡಿಯಾಗಿ. ಪ್ರತಿ ಜೋಡಿಯಲ್ಲಿ ಶಾಲೆಯ ಒಬ್ಬ ವಿದ್ಯಾರ್ಥಿ, ಪಕ್ಕದಲ್ಲಿ ಆ ವಿದ್ಯಾರ್ಥಿಯೇ ಆರಿಸಿಕೊಂಡ ಒಬ್ಬ ದೊಡ್ಡವರು. ಕೊಳಲು ಹಿಡಿದ ಹುಡುಗನ ಪಕ್ಕದಲ್ಲಿ ಚರ್ಚಿನಲ್ಲಿ ಹಾಡು ಕಲಿಸುವ ಅಜ್ಜ. ವಿಜ್ಞಾನದ ಪ್ರದರ್ಶನದಲ್ಲಿ ಗೆದ್ದ ಹುಡುಗಿಯ ಪಕ್ಕದಲ್ಲಿ ಅದೇ ಊರಿನ ಹೃದಯ ತಜ್ಞೆ. ಅಗ್ನಿಶಾಮಕ ದಳದ ಹೆಂಗಸು, ಪುಸ್ತಕದ ಅಂಗಡಿಯವರು, ರೈಲು ಓಡಿಸುವವರು. ಮಕ್ಕಳೂ ದೊಡ್ಡವರೂ ಎಲ್ಲರೂ ಆಫ್ರಿಕಾ, ಕೆರಿಬಿಯನ್ ಮೂಲದ ಕಪ್ಪು ಜನ. ಅಕ್ಟೋಬರ್ ತಿಂಗಳಿಡೀ ಆ ದೇಶದಲ್ಲಿ ಕಪ್ಪು ಜನರ ಇತಿಹಾಸವನ್ನು ನೆನೆಯುವುದು ವಾಡಿಕೆ. ಈ ಶಾಲೆಯಲ್ಲಿ ಅದು ಗೋಡೆಯಾಗಿ ನಿಲ್ಲುತ್ತದೆ.

"ಈ ಮಕ್ಕಳದು ಮಾತ್ರ ಯಾಕೆ?" ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ ಅನ್ನಿಸಿತು, ಆದರೆ ಜಾಯ್ ಬೇಸರ ಮಾಡಿಕೊಳ್ಳಲಿಲ್ಲ.

"ನಾನು ಈ ಕಾರಿಡಾರಿನಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ. ಆಗ ಇದೇ ಗೋಡೆಯ ತುಂಬ ಹಳೆಯ ಮುಖ್ಯೋಪಾಧ್ಯಾಯರು, ಗೆದ್ದ ತಂಡಗಳು. ನನ್ನಂಥ ಒಂದು ಮುಖವೂ ಇರಲಿಲ್ಲ. ನಮ್ಮವರು ಯಾರೂ ಏನೂ ಮಾಡಿಲ್ಲ ಅಂತಲೇ ನಂಬಿದ್ದೆ. ಮನೆಗೆ ಹೋದರೆ ಅಮ್ಮ ಆಸ್ಪತ್ರೆಯಲ್ಲಿ ಇಡೀ ವಾರ್ಡು ನಡೆಸಿ ಬಂದಿರುತ್ತಿದ್ದಳು. ಆದರೂ ಹಾಗೇ ನಂಬಿದ್ದೆ."

ಮೇಷ್ಟ್ರು ಕನ್ನಡಕ ಮೇಲೆತ್ತಿ ಒಂದೊಂದೇ ಚಿತ್ರ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಮೆಲ್ಲಗೆ, "ನಮ್ಮ ಸ್ಕೂಲ್ ಗೋಡೆ ನೆನಪು ಮಾಡ್ಕೊ. ಫಸ್ಟ್ ಬಂದೋರ್ದು, ದಾನ ಕೊಟ್ಟೋರ್ದು. ಮಿಕ್ಕ ಮಕ್ಳು ಹತ್ತನೇ ಕ್ಲಾಸ್ ಮುಗ್ಸಿ ಹೋಗ್ತವೆ, ಒಂದು ಗುರ್ತೂ ಇರಲ್ಲ" ಎಂದರು.

ಮಧ್ಯಾಹ್ನ ಚಹಾ ಕುಡಿಯುವಾಗ, "ಬ್ಲ್ಯಾಕ್" ಎಂಬ ಪದವನ್ನು ಇವರೆಲ್ಲ ಎಷ್ಟು ಸಲೀಸಾಗಿ, ತಲೆಯೆತ್ತಿ ಹೇಳುತ್ತಾರೆ ಎಂದು ಜಾಯ್‌ಗೆ ಹೇಳಿದೆ. ನಮ್ಮ ಕಡೆ ಆ ಪದ ಹೇಳಲು ಹಿಂದೆಮುಂದೆ ನೋಡುತ್ತಾರೆ. ಗೋಧಿ ಬಣ್ಣ, ಎಣ್ಣೆಗೆಂಪು ಎಂದು ಸುತ್ತಿ ಬಳಸುತ್ತಾರೆ. ಹೆಣ್ಣು ನೋಡಲು ಬಂದವರು, "ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಒಂಚೂರು ಕಮ್ಮಿ" ಎನ್ನುತ್ತಾರೆ. ನನ್ನ ವಿಷಯದಲ್ಲಂತೂ ಹೇಳಿದವರು ಒಬ್ಬಿಬ್ಬರಲ್ಲ.

ಜಾಯ್ ಚಹಾದ ಲೋಟ ಕೆಳಗಿಟ್ಟರು. "ಬಣ್ಣ ಕಮ್ಮಿಯೇ? ನಾವಿಬ್ಬರೂ ಚಿತ್ರ ಬರೆಯುವವರು. ನಿಜ ಹೇಳಿ, ನಮ್ಮಲ್ಲಿ ಬಣ್ಣ ಜಾಸ್ತಿ ಅಲ್ಲವೇ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಇಷ್ಟು ವರ್ಷ ಬಣ್ಣ ಬೆರೆಸಿದ ನನಗೆ ಈ ಉತ್ತರ ಹೊಳೆದಿರಲಿಲ್ಲ.

ಮಂಗಳವಾರ: ಖಾಲಿ ಜಾಗ

ಗೋಡೆಯ ಕೊನೆಯಲ್ಲಿ ಒಂದು ಜೋಡಿಯಷ್ಟು ಜಾಗ ಖಾಲಿಯಿತ್ತು. ಅದು ಎಸ್ತರ್ ಎಂಬ ಹುಡುಗಿಗಾಗಿ ಇಟ್ಟದ್ದು. ಘಾನಾದಿಂದ ಅಪ್ಪ ಅಮ್ಮನ ಜೊತೆ ಬಂದವಳು, ಎಂಟನೇ ತರಗತಿಯ ವಯಸ್ಸು. ಆ ಶಾಲೆಗೆ ಎಲ್ಲೆಲ್ಲಿಂದಲೋ ಮಕ್ಕಳು ಬಂದು ಸೇರುತ್ತಾರೆ. ಕೆಲವರಿಗೆ ಇಂಗ್ಲಿಷಿನ ಒಂದು ಪದವೂ ಬಾರದು. ಹಾಗೆ ಹೊಸದಾಗಿ ಬಂದವರು ಊಟದ ಹೊತ್ತಿನಲ್ಲಿ ಒಬ್ಬರೇ ಕೂರದಂತೆ ನೋಡಿಕೊಳ್ಳುವುದು ಎಸ್ತರ್ ತಾನಾಗಿ ಹಚ್ಚಿಕೊಂಡ ಕೆಲಸ. ತನ್ನ ತಟ್ಟೆ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಾಳೆ, ಕೈಸನ್ನೆಯಲ್ಲಿ ಮಾತಾಡುತ್ತಾಳೆ, ಶೌಚಾಲಯ ಎಲ್ಲಿದೆ, ಯಾವ ಟೀಚರ್ ಸಿಡುಕರು ಎಂದು ತೋರಿಸುತ್ತಾಳೆ. ಈ ಸಲದ ಗೋಡೆಗೆ ಮಕ್ಕಳೇ ಅವಳ ಹೆಸರು ಹೇಳಿದ್ದರು.

ಆದರೆ ಅವಳು ಫೋಟೋ ತೆಗೆಸಿಕೊಳ್ಳಲು ಒಪ್ಪಿರಲಿಲ್ಲ. ಹಿಂದಿನ ವರ್ಷ ತರಗತಿಯ ಗುಂಪು ಫೋಟೋ ತೆಗೆದವನು ಬೆಳಕನ್ನು ಬಿಳಿಯ ಮಕ್ಕಳಿಗೆ ಹೊಂದಿಸಿದ್ದ. ಚಿತ್ರ ಬಂದಾಗ ಹಿಂದಿನ ಸಾಲಿನಲ್ಲಿದ್ದ ಎಸ್ತರ್ ಮುಖದಲ್ಲಿ ಕಣ್ಣು ಮತ್ತು ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಯಾರೋ ನಕ್ಕರು. ಆ ಫೋಟೋ ಮಕ್ಕಳ ಮೊಬೈಲುಗಳಲ್ಲಿ ಹರಿದಾಡಿತು.

"ಶುಕ್ರವಾರ ಸಂಜೆ ಮನೆಯವರೆಲ್ಲ ಗೋಡೆ ನೋಡಲು ಬರುತ್ತಾರೆ. ಅವಳ ಅಮ್ಮನೂ ಬರುತ್ತಾಳೆ" ಎಂದರು ಜಾಯ್. "ಆದರೆ ಮನಸ್ಸಿಲ್ಲದ ಮಗುವನ್ನು ನಾನು ಗೋಡೆಗೆ ಹಾಕುವುದಿಲ್ಲ. ಇಲ್ಲದಿದ್ದರೆ ಜಾಗ ಖಾಲಿಯೇ ಇರಲಿ."

ಆಮೇಲೆ ನನ್ನ ಕಡೆ ತಿರುಗಿ, "ನೀವು ಕುಂಚದಲ್ಲಿ ಬರೆಯುತ್ತೀರಲ್ಲ" ಎಂದರು.

ಬುಧವಾರ, ಗುರುವಾರ: ಚಿತ್ರದ ಕೋಣೆ

ಎಸ್ತರ್ ಬಂದಳು, ಬಾಗಿಲಲ್ಲೇ ನಿಂತಳು. ಚಿತ್ರವೂ ಬೇಡ ಎಂದು ಹೇಳಿಹೋಗಲು ಬಂದಿದ್ದಳು. ಮೇಷ್ಟ್ರು ಮೂಲೆಯಲ್ಲಿ ಕುಳಿತು ಕೊಬ್ಬರಿ ಹೋಳು ಮಾಡುತ್ತಿದ್ದರು. ಅವಳ ಕಣ್ಣು ಅತ್ತ ಹೋಯಿತು. ಮೇಷ್ಟ್ರು ಒಂದು ಚೂರು ಕೊಟ್ಟರು. ಅಜ್ಜಿಯ ಊರು ಸಮುದ್ರದ ದಂಡೆಯಲ್ಲಿದೆಯಂತೆ, ಅಲ್ಲಿ ಬೇಕಾದಷ್ಟು ತೆಂಗು. ಆದರೆ ಹೀಗೆ ಇಡಿಯಾಗಿ ಒಣಗಿಸಿದ್ದನ್ನು ನೋಡಿರಲಿಲ್ಲ. ಅಗಿಯುತ್ತಾ ಬಂದು ಕುಳಿತಳು.

ನಾನು ಅವಳಿಗೆ ನನ್ನ ಮದುವೆಯ ಆಲ್ಬಮ್ಮಿನ ಕಥೆ ಹೇಳಿದೆ. ಸ್ಟುಡಿಯೋದವನು ಉಪಕಾರವಾಗಲಿ ಎಂದು ಎಲ್ಲ ಫೋಟೋಗಳಲ್ಲೂ ನನ್ನ ಮುಖವನ್ನು ಬೆಳ್ಳಗೆ ಮಾಡಿದ್ದ. ಕೈ ಮಾತ್ರ ಮರೆತಿದ್ದ. ಧಾರೆ ಎರೆಯುವ ಚಿತ್ರದಲ್ಲಿ ಯಾರದೋ ಬಿಳಿ ಮುಖ, ಕೆಳಗೆ ನನ್ನ ಕಪ್ಪು ಕೈ. ನನ್ನ ಸ್ವಂತ ತಾಯಿಯೇ ಆಲ್ಬಮ್ ನೋಡಿ, "ಇದ್ಯಾರೇ ನಿನ್ನ ಸೀರೆ ಉಟ್ಕೊಂಡಿರೋಳು?" ಎಂದು ಕೇಳಿದ್ದರು.

ಎಸ್ತರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನನ್ನನ್ನು ಅಳಿಸಿದರು, ನಿಮ್ಮನ್ನು ಬದಲಾಯಿಸಿದರು" ಎಂದಳು. ಅವಳ ವಯಸ್ಸಿಗೆ ಅದು ದೊಡ್ಡ ಮಾತು.

"ಕೂರುತ್ತೀಯಾ?" ಎಂದೆ.

"ಕೂರುತ್ತೇನೆ. ಆದರೆ ನನ್ನ ಪಕ್ಕದಲ್ಲಿ ಮಿಸ್ ಜಾಯ್ ಇರಬೇಕು."

ಜಾಯ್ ಕೈ ಅಲ್ಲಾಡಿಸಿದರು. "ಅದು ನಿಮ್ಮ ಗೋಡೆ. ನಾನು ಮೊಳೆ ಹೊಡೆಯುವವಳು ಅಷ್ಟೆ. ಬೇರೆ ಯಾರಾದರೂ ದೊಡ್ಡವರನ್ನು ಆರಿಸು."

"ಪಕ್ಕದಲ್ಲಿ ಯಾರಿರಬೇಕು ಅಂತ ನಾವೇ ಹೇಳಬೇಕು ಅಂದವರು ನೀವೇ, ಮಿಸ್" ಎಂದಳು ಎಸ್ತರ್. "ನಾನು ಬಂದ ಮೊದಲ ದಿನ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತವರು ಯಾರು? ನಾನು ಮಾಡುತ್ತಿರುವುದು ಅದನ್ನೇ ನೋಡಿ ಕಲಿತದ್ದು."

ಇಷ್ಟು ವರ್ಷ ಆ ಗೋಡೆಯನ್ನು ಕಟ್ಟಿದ ಜಾಯ್ ಒಮ್ಮೆಯೂ ತಮ್ಮ ಮುಖವನ್ನು ಅದರಲ್ಲಿ ಹಾಕಿಕೊಂಡಿರಲಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಮೇಷ್ಟ್ರು ಕನ್ನಡದಲ್ಲೇ, "ಕೂತ್ಕಳಿ ತಾಯಿ, ಮಗಾ ಕೇಳ್ತೈತೆ" ಎಂದರು. ಅರ್ಥವಾಗಿರಲಾರದು, ಆದರೆ ಜಾಯ್ ಕುರ್ಚಿ ಎಳೆದುಕೊಂಡು ಕುಳಿತರು.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ಅವಸರದಲ್ಲಿ ನೆರಳಿಗೆಲ್ಲ ಕಪ್ಪು ಬಣ್ಣವನ್ನೇ ಬಳಿದೆ. ಎಸ್ತರ್ ಎದ್ದು ಬಂದು ನೋಡಿ, "ಇದೂ ಫೋಟೋದ ಹಾಗೇ ಇದೆ, ಮಿಸ್" ಎಂದಳು. ಕೋಪದಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಬಣ್ಣಗಳ ವಿಷಯದಲ್ಲಿ ಅಷ್ಟು ನಕ್ಕವಳು ನಾನೇ, ಕುಂಚ ಹಿಡಿದಾಗ ನೋಡದೆ ಬರೆದಿದ್ದೆ.

ಮಾರನೆಯ ದಿನ ಕಪ್ಪು ಬಣ್ಣದ ಟ್ಯೂಬನ್ನು ತೆಗೆದು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟೆ. ಕಾವಿ, ಕೆಂಪು, ಹಳದಿ, ಕಡುನೀಲಿ ಇಷ್ಟರಲ್ಲೇ ಬರೆಯಬೇಕು ಎಂದುಕೊಂಡೆ. ಬರೆಯುವುದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಅವಳ ಹಣೆಯ ಮೇಲೆ ಕಿಟಕಿಯ ಬೆಳಕು ತಾಮ್ರದ ಹಾಗೆ ಬಿದ್ದಿತ್ತು. ಗಲ್ಲದ ಕೆಳಗೆ ನೀಲಿ, ಕಿವಿಯ ಅಂಚಿನಲ್ಲಿ ಕೆಂಪು, ಮೂಗಿನ ಬದಿಯಲ್ಲಿ ನೇರಳೆ. ಜಾಯ್ ಅವರ ಮುಖ ಬೇರೆಯೇ, ಅಲ್ಲಿ ಹಳದಿ ಹೆಚ್ಚು, ಕಣ್ಣಿನ ಕೆಳಗೆ ಬೂದು. ಎರಡು ಮುಖ ಬರೆಯುವಷ್ಟರಲ್ಲಿ ಬಣ್ಣ ಬೆರೆಸುವ ತಟ್ಟೆಯ ಮೇಲೆ ಜಾಗವೇ ಉಳಿದಿರಲಿಲ್ಲ.

ಎಸ್ತರ್ ಮತ್ತೆ ಎದ್ದು ಬಂದಳು. ಹಾಳೆಯ ಮೇಲಿನ ಮುಖವನ್ನು ನೋಡುತ್ತಾ ತನ್ನ ಗಲ್ಲವನ್ನು ತಾನೇ ಮುಟ್ಟಿಕೊಂಡಳು. ಆಮೇಲೆ ಹೋಗಿ ಸುತ್ತಿಗೆ ತಂದಳು.

ಶುಕ್ರವಾರ ಸಂಜೆ

ಹೊರಗೆ ಜಿಟಿಜಿಟಿ ಮಳೆ, ಒಳಗೆ ಜಾತ್ರೆಯಷ್ಟು ಗದ್ದಲ. ಅಜ್ಜಂದಿರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಉದ್ದಕ್ಕೂ ನಡೆಯುತ್ತಿದ್ದರು. ತಮ್ಮ ಮಗುವಿನ ಚಿತ್ರದ ಎದುರು ನಿಂತು ಫೋಟೋ ತೆಗೆಸಿಕೊಳ್ಳಲು ಸಾಲು. ನಮ್ಮಲ್ಲಾದರೆ ನೂಕುನುಗ್ಗಲಾಗುತ್ತಿತ್ತು. ಇಲ್ಲಿ ಹೆಮ್ಮೆಪಡಲಿಕ್ಕೂ ಸಾಲಿನಲ್ಲಿ ನಿಲ್ಲುತ್ತಾರೆ.

ಎಸ್ತರ್‌ಳ ತಾಯಿ ತಮ್ಮ ಊರಿನ ಬಣ್ಣಬಣ್ಣದ ಬಟ್ಟೆ ಉಟ್ಟು, ಅದೇ ಬಟ್ಟೆಯನ್ನು ತಲೆಗೂ ಸುತ್ತಿ ಬಂದಿದ್ದರು. ಚಿತ್ರದ ಹತ್ತಿರ ಹೋಗಿ, ಹಾಳೆಗೆ ತಾಗದಂತೆ ಬೆರಳನ್ನು ಮಗಳ ಹಣೆ, ಮೂಗು, ಗಲ್ಲದ ಮೇಲೆ ಆಡಿಸಿದರು. ಎಸ್ತರ್ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, "ಅಮ್ಮಾ, ಇವರೇ ನನ್ನನ್ನು ನೋಡಿ ಬರೆದವರು" ಎಂದಳು. ಆ ತಾಯಿ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಎಷ್ಟೋ ಪ್ರದರ್ಶನಗಳಲ್ಲಿ ಬಹುಮಾನ ಬಂದಿದೆ, ಹಾಗೆ ಯಾರೂ ಕೈ ಹಿಡಿದಿರಲಿಲ್ಲ.

ಆಮೇಲೆ ಜಾಯ್‌ರ ತಾಯಿ ಬಂದರು. ತುಂಬ ವಯಸ್ಸಾದ ಹೆಂಗಸು, ಮಡಿಕೆ ಕೆಡದ ಕೋಟು, ಹ್ಯಾಟು, ಕೈಗವಸು. ಮಗಳು ಏನೂ ಹೇಳಿರಲಿಲ್ಲ. ಪ್ರತಿ ವರ್ಷದಂತೆ ಬೇರೆಯವರ ಮಕ್ಕಳನ್ನು ನೋಡಲು ಬಂದಿದ್ದರು. ಒಂದೊಂದು ಜೋಡಿಯ ಮುಂದೆಯೂ ನಿಂತು, ಹೆಸರು ಓದಿ, ತಲೆಯಾಡಿಸುತ್ತಾ ಕೊನೆಗೆ ಬಂದರು. ಅಲ್ಲಿ ನಿಂತುಬಿಟ್ಟರು.

ಜಾಯ್ ಹೋಗಿ ತಾಯಿಯ ಪಕ್ಕ ನಿಂತರು.

"ಇವಳನ್ನು ಸೇರಿಸಲು ಬಂದಾಗ ಈ ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ನನ್ನನ್ನು ಕಾಯಿಸಿದ್ದರು" ಎಂದರು ಆ ತಾಯಿ, ಯಾರಿಗೆ ಎಂದಿಲ್ಲದೆ. "ಆಗ ಇದ್ದ ಮುಖ್ಯೋಪಾಧ್ಯಾಯರು, ನಿಮ್ಮ ಹುಡುಗಿಗೆ ಇಲ್ಲಿನ ಓದು ಕಷ್ಟವಾಗಬಹುದು, ಹೊಲಿಗೆ ಕಲಿಸುವ ಕಡೆ ಸೇರಿಸಿ ಎಂದರು. ನಾನು ಆಸ್ಪತ್ರೆಯ ಸಮವಸ್ತ್ರದಲ್ಲಿದ್ದೆ, ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ಇಲ್ಲೇ ಸೇರಿಸುತ್ತೇನೆ ಎಂದು ಹೇಳಿ ಮತ್ತೆ ಆ ಬೆಂಚಿನ ಮೇಲೆ ಕೂತೆ. ಅವರು ಒಪ್ಪುವ ತನಕ ಏಳಲಿಲ್ಲ."

ಅವರು ಕೈಗವಸು ತೆಗೆದರು. ಮಗಳ ಕಡೆ ನೋಡದೆ, ಚಿತ್ರದಲ್ಲಿದ್ದ ಮಗಳನ್ನೇ ನೋಡುತ್ತಾ, "ಕಣ್ಣು ನನ್ನಪ್ಪನದು" ಎಂದರು. "ಸರಿಯಾಗಿ ಬಂದಿದೆ."

ಜಾಯ್ ಅಷ್ಟು ಜನರ ನಡುವೆ ಚಿಕ್ಕ ಹುಡುಗಿಯಂತೆ ತಾಯಿಯ ಹೆಗಲಿಗೆ ತಲೆ ಇಟ್ಟರು. ನಮ್ಮ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, "ಎಂಥಾ ಹೆಣ್ಮಗಳು ಕಣಮ್ಮ" ಎಂದಷ್ಟೇ ಹೇಳಿದರು. ತಾಯಿಗೆ ಹೇಳಿದರೋ ಮಗಳಿಗೋ ನಾನು ಕೇಳಲಿಲ್ಲ.

ತುರುವೇಕೆರೆ ರಸ್ತೆ

ಊರಿಗೆ ಬಂದು, ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳಿಗೆ ಎಲ್ಲವನ್ನೂ ಹೇಳಿದೆ. ಎಸ್ತರ್ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡರು. ಅಪ್ಪ ಅಮ್ಮ ಇಬ್ಬರೂ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುವ, ಒಂಬತ್ತನೇ ತರಗತಿಯ ಮಂಗಳ ಎದ್ದು ನಿಂತು, "ನಮ್ಮ ಗೋಡೇಲೂ ಅಂಗೆ ಮಾಡ್ಬೋದಲ್ವಾ ಮಿಸ್?" ಎಂದಳು.

ಅವರದು ಅವರ ಇತಿಹಾಸದಿಂದ, ಅವರ ನೋವಿನಿಂದ ಎದ್ದ ಗೋಡೆ. ಅದನ್ನೇ ನಕಲು ಮಾಡಬಾರದು ಎಂದು ನನಗೆ ಅನ್ನಿಸಿತ್ತು. ಆದರೆ ನಮ್ಮಲ್ಲೂ ಯಾರೂ ಸರಿಯಾಗಿ ನೋಡದ ಮುಖಗಳಿಗೆ ಕೊರತೆಯಿಲ್ಲ. ಮುಖ್ಯೋಪಾಧ್ಯಾಯರು ಊಟದ ಕೋಣೆಯ ಗೋಡೆ ಬಿಟ್ಟುಕೊಟ್ಟರು. ಯಾರು ಇರಬೇಕು ಎಂಬುದನ್ನು ಮಕ್ಕಳೇ ಹೇಳಿದರು, ಬರೆದವರೂ ಅವರೇ. ಮಂಗಳ ಇರಲೇಬೇಕು ಎಂದು ಎಲ್ಲರೂ ಹೇಳಿದರು, ಶಾಲೆಯ ಖೋಖೋ ತಂಡವನ್ನು ಜಿಲ್ಲಾ ಮಟ್ಟಕ್ಕೆ ಒಯ್ದವಳು ಅವಳು. ತನ್ನ ಪಕ್ಕಕ್ಕೆ ಅವಳು ಆರಿಸಿಕೊಂಡದ್ದು ರತ್ನಮ್ಮನನ್ನು. ರತ್ನಮ್ಮ ಇದೇ ಶಾಲೆಯಲ್ಲಿ ಓದಿ ಈಗ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್.

ಗೋಡೆ ತೆರೆದ ದಿನ ರತ್ನಮ್ಮನಿಗೆ ರಜೆ ಸಿಕ್ಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸ್ಸು ಶಾಲೆಯ ಗೇಟಿನ ಮುಂದೆ ನಿಂತಿತು. ರತ್ನಮ್ಮ ಟಿಕೆಟ್ ಯಂತ್ರ ಹೆಗಲಿಗೆ ಹಾಕಿಕೊಂಡೇ ಇಳಿದು, "ಒಂದ್ನಿಮ್ಷ ಕಣಣ್ಣ, ನೋಡ್ಕಂಡು ಓಡ್ಬತ್ತೀನಿ" ಎಂದು ಡ್ರೈವರಿಗೆ ಹೇಳಿ ಒಳಗೆ ಬಂದಳು. ಊಟದ ಕೋಣೆಯಲ್ಲಿ ತನ್ನ ಚಿತ್ರದ ಮುಂದೆ ನಿಂತವಳಿಗೆ ಓಡುವುದು ಮರೆತುಹೋಯಿತು. ಮಂಗಳ ಹತ್ತಿರ ಹೋಗಿ ಕೈ ಕಟ್ಟಿ ನಿಂತಳು.

"ನನ್ನ ಯಾಕವ್ವಾ ಬರ್ದೆ?" ಎಂದಳು ರತ್ನಮ್ಮ.

"ಬಸ್ನಾಗೆ ನಿಮ್ಮ ಹತ್ರ ಯಾರೂ ಎದುರು ಮಾತಾಡಲ್ಲ, ಅದುಕ್ಕೆ" ಎಂದಳು ಮಂಗಳ.

ಹೊರಗೆ ಹಾರನ್ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ಯಾರೂ ಬಾರದ್ದನ್ನು ಕಂಡು ಪ್ರಯಾಣಿಕರಲ್ಲಿ ಇಬ್ಬರು ಏನಾಯಿತೆಂದು ನೋಡಲು ಇಳಿದು ಬಂದರು. ಅವರು ಹೋಗಿ ಹೇಳಿದ ಮೇಲೆ ಉಳಿದವರೂ ಇಳಿದರು. ಸಂತೆಯ ಚೀಲ ಹೊತ್ತ ಅಜ್ಜಿಯರು, ಕೂಸು ಎತ್ತಿಕೊಂಡ ತಾಯಂದಿರು, ಪಂಚೆ ಎತ್ತಿ ಕಟ್ಟಿದ ಗಂಡಸರು ನಮ್ಮ ಊಟದ ಕೋಣೆಯಲ್ಲಿ ತುಂಬಿದರು. ಒಬ್ಬ ಅಜ್ಜಿ ಚಿತ್ರವನ್ನೂ ರತ್ನಮ್ಮನನ್ನೂ ಮತ್ತೆ ಮತ್ತೆ ನೋಡಿ, "ಇವ್ಳೇ ಕಣ್ರವ್ವಾ, ನಮ್ಮ ಬಸ್ಸಿನೋಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿತು. ತಾನೇ ಹೆತ್ತವಳ ಹಾಗಿತ್ತು ಆ ದನಿ.

ಕೊನೆಗೆ ಡ್ರೈವರೂ ಬಂದ. ಬೈಯಲೆಂದೇ ಬಂದಿರಬೇಕು. ಗೋಡೆಯನ್ನು ನೋಡಿದ, ತಲೆಯ ಮೇಲಿನ ಟವೆಲು ತೆಗೆದ. "ನೋಡ್ಕಳವ್ವಾ, ನಿಧಾನವಾಗಿ ನೋಡ್ಕ. ಬಸ್ಸು ಎಲ್ಲೋಯ್ತದೆ" ಎಂದ.